ವಟ್ರಸುಳಿ

ನನ್ನ ಯಂತ್ರದ ವಟ್ರಸುಳಿ ಮುರಿದು ಆರು ವರ್ಷ.
ಕೃಷಿಕ, ಗೃಹಿಣಿ, ಮೃತ,
ಯಾರೇ ಬರಲಿ, ಆ ಕೊಕ್ಕೆಯೊಂದನ್ನು
ನೀಲಿ ಪೆನ್ನಿನಲ್ಲಿ ಎಳೆದು ಕೊಡುತ್ತೇನೆ.
ಯಾವ ಸಾಹೇಬರೂ ಅದಕ್ಕೆಂದು ಅರ್ಜಿ ತಿರುಗಿಸಿಲ್ಲ.

ಕಾರವಾರದಲ್ಲಿ ಕಡಲಗಾಳಿ ಏಳುವುದು ಹನ್ನೊಂದಕ್ಕೆ.
ಕಾಗದದ ಮೇಲೆ ಕಲ್ವದ ಚಿಪ್ಪು ಹೇರಿ ಕೂತಿದ್ದೆ,
ಕಚೇರಿ ಗೇಟಿನ ಎಡಕ್ಕೆ, ಬಾದಾಮಿ ಮರದಡಿ.
ರಿಕ್ಷಾದಿಂದ ಮೊದಲು ಇಳಿದದ್ದು ಊರುಗೋಲು,
ಆಮೇಲೆ ಬಿಳಿ ಪಟ್ಟಿಯ ಕಾಲು,
ಆಮೇಲೆ ಅವಳು.

ಹೆಸರು?
ಶೆವಂತಿ ದುರ್ಗೇಕರ. ಬೋರ್ಡಿನ ಮೇಲೆ ಬೇರೆ ಇದೆ, ಅದು ಬೇಡ.
ಊರು?
ಕೋಡಿಬಾಗ.
ಉದ್ಯೋಗ?
ಅವಳು ಮರದ ಎಲೆ ನೋಡಿದಳು.
ಕುಣಿತ ಮಾಮಾ. ಮೈ ಕಾಣುವ ಹಾಗೆ.
ಬರೆಯಲು ನಾಚಿಕೆಯಾದರೆ ಬಿಡಿ.

ನಾಚಿಕೆಯಲ್ಲ, ಬಾಯ್,
ನೃತ್ಯ ಅನ್ನುವಲ್ಲಿ ನನ್ನ ಯಂತ್ರ
ನತ್ಯ ಅನ್ನುತ್ತದೆ.

ನಕ್ಕಳು. ಆಮೇಲೆ ಹೇಳತೊಡಗಿದಳು,
ಬೆರಳು ನಿಲ್ಲದಂತೆ:
ರಾತ್ರಿ ಎಂಟಕ್ಕೆ ಕ್ರಾಸಿನಲ್ಲಿ ಏಜೆಂಟನ ಗಾಡಿ.
ಐದು ಜನ, ಕಾಳಿ ಸೇತುವೆ, ಮಾಜಾಳಿ ಗೇಟು,
ಗೇಟು ದಾಟಿ ಗೋವೆಯ ಬಾರು.
ಅಲ್ಲಿನ ಪುಸ್ತಕದಲ್ಲಿ ಹಾಡುವವರು ನಾಲ್ವರು,
ಪರವಾನಗಿ ಇರುವುದೇ ಅಷ್ಟಕ್ಕೆ.
ಐದನೆಯವಳು ನಾನು ಅಡುಗೆಮನೆಯ ಪುಸ್ತಕದಲ್ಲಿ,
ಈರುಳ್ಳಿ ಹೆಚ್ಚುವವಳು.
(ಆ ನಾಲ್ವರಲ್ಲಿ ಒಬ್ಬಳಿಗೂ ಹಾಡು ಬರುವುದಿಲ್ಲ.)

ಸಂಬಳ?
ಸಂಬಳವೆಂಥದು, ಕಟ್ಟುವವಳೇ ನಾನು.
ನೆಲಬಾಡಿಗೆ ರಾತ್ರಿಗೆ ಮುನ್ನೂರು.
ಕುಣಿಯುವ ಆ ಆರು ಚೌಕ ಟೈಲ್ಸಿಗೆ.
ಬಿದ್ದ ಹಣದಲ್ಲಿ ಸಾವಿರಕ್ಕೆ ನಾನೂರು ಬಾರಿನವರಿಗೆ,
ಇನ್ನೂರು ಏಜೆಂಟನಿಗೆ, ಗಾಡಿಗೆ ಐವತ್ತು.
ಮಳೆಗಾಲದ ಖಾಲಿ ಮೇಜುಗಳ ರಾತ್ರಿ
ಸಾಲ ಹೊತ್ತು ಮನೆಗೆ ಬಂದದ್ದೂ ಉಂಟು.

ಅಂಥದೊಂದು ರಾತ್ರಿ, ಚೆಲ್ಲಿದ ಬಿಯರಿನ ಮೇಲೆ
ಒಂದು ಸುತ್ತು ಹೆಚ್ಚಾಯಿತು.

ಖರ್ಚು ಕೇಳಿದಾಗ ಏಜೆಂಟ ಮೃದುವಾಗಿಯೇ ಹೇಳಿದನಂತೆ:
ನೀನು ನಮ್ಮ ಕೆಲಸದವಳಲ್ಲ ಶೆವಂತಿ,
ನೀನೇ ನಿನ್ನ ಮಾಲಕಿ. ನೀನೊಂದು ಕಂಪನಿ.
ಬಾರಿನವರು ಏಜೆಂಟನನ್ನು ತೋರಿಸಿದರು.
ಅಲ್ಲಿನ ಕಚೇರಿ, ನಿನ್ನ ಏಜೆಂಟ ಕರ್ನಾಟಕದವನು, ಎಂದಿತು.
ಇಲ್ಲಿಯದು, ಪೆಟ್ಟು ಗೋವೆಯದು, ಎಂದಿತು.
ಮುರಿದದ್ದು ಆ ಕಡೆ, ಸರಿ.
ಕುಂಟುತ್ತಿರುವುದು ಈ ಕಡೆಯಲ್ಲವೆ ಮಾಮಾ?

ನಾನು ಓದಿದ್ದು ಹತ್ತನೆಯವರೆಗೆ.
ಕಾನೂನು ಇರುವುದು ಗೇಟಿನ ಒಳಗೆ;
ಹೊರಗೆ ಉದುರಿದ ಚೂರುಗಳನ್ನು
ಇಪ್ಪತ್ತೆಂಟು ವರ್ಷ ಆರಿಸಿದ್ದೇನೆ.
ಕೇಳಿದೆ: ಕಾಗದವೇನಾದರೂ ಇದೆಯೆ?
ಹಾಜರಿ? ಗುರುತಿನ ಚೀಟಿ?

ಇಲ್ಲ. ದಂಡದ ಚೀಟಿ ಇವೆ.

ಹಲ್ವದ ಡಬ್ಬಿ ತೆರೆದಳು. ನಲವತ್ತೊಂದು.
ತಡವಾಗಿ ಬಂದದ್ದಕ್ಕೆ ನೂರು.
ಗಿರಾಕಿಯ ಜತೆ ಕೂರಲು ಒಪ್ಪದ್ದಕ್ಕೆ ಐನೂರು.
ಹೇಳದೆ ರಜೆ, ಇನ್ನೂರು. (ಮಗನಿಗೆ ಜ್ವರವಿತ್ತು.)
ಉಗುರಿನ ಬಣ್ಣ ಹೋದದ್ದಕ್ಕೆ ಐವತ್ತು.
ಒಂದೊಂದರ ಬುಡದಲ್ಲೂ ಏಜೆಂಟನ ಸಹಿ,
ಓದಲು ಬರುವಷ್ಟು ದುಂಡಗೆ.

ಚಿಪ್ಪು ಸರಿಸಿ ಅವನ್ನೇ ಕಾಗದದ ಮೇಲಿಟ್ಟೆ.
ಬಾಯ್, ತನಗೆ ತಾನೇ ಮಾಲಕಿಯಾದವಳು
ರಜೆ ಕೇಳುವುದು ಯಾರನ್ನು?
ತಡವಾಯಿತೆಂದು ತನಗೆ ತಾನೇ
ಯಾರಾದರೂ ದಂಡ ಹಾಕಿಕೊಳ್ಳುತ್ತಾರೆಯೆ?

ಅವಳು ಚೀಟಿಗಳನ್ನು ಹೊಸದಾಗಿ ಕಂಡವಳಂತೆ
ಒಂದನ್ನೆತ್ತಿ ಬಿಸಿಲಿಗೆ ಹಿಡಿದಳು.

ಪಿನ್ನು ಮುಗಿದಿತ್ತು. ದಾರದಲ್ಲಿ ಕಟ್ಟಿದೆವು.

ಉದ್ಯೋಗದ ಖಾನೆ ಖಾಲಿಯೇ ಇತ್ತು.
ಪೆನ್ನು ತೆಗೆದೆ, ನತ್ಯದ ಕೆಳಗೆ ಕೊಕ್ಕೆ ಹಾಕಲು.
ತಡೆದಳು. ಸುಳಿಯಿಲ್ಲದ ಮಾತೊಂದು ಇರಬೇಕಲ್ಲ,
ನಿಮ್ಮ ಯಂತ್ರ ತಾನಾಗಿ ಬರೆಯುವಂಥದು?

ಯೋಚಿಸಿ ಹೊಡೆದೆ: ಕಾರ್ಮಿಕಳು.
ಅರ್ಕಾವೊತ್ತು ಇನ್ನೂ ಗಟ್ಟಿಯಿದೆ, ಕಾರ್ಬನ್ನು ತೂತಾಗುವಷ್ಟು.

ಮೂವತ್ತು ಕೊಟ್ಟಳು, ಚಿಲ್ಲರೆಯಲ್ಲಿ.
ಈ ಮರದಡಿಗೆ ನಾನೂ ತಿಂಗಳಿಗೆ ನೆಲಬಾಡಿಗೆ ಕಟ್ಟುತ್ತೇನೆ
ಎಂದು ಹೇಳಬೇಕೆನಿಸಿತು. ಹೇಳಲಿಲ್ಲ.

ಊರುಗೋಲು ಮೆಟ್ಟಿಲೇರುವ ಸದ್ದು ಎಣಿಸಿದೆ, ಒಂಬತ್ತು.
ಮೊಹರಿನ ಸದ್ದಿಗೆ ಕಿವಿಯಿಟ್ಟೆ.
ಒಂದೂಕಾಲು. ಟಪಾಲಿನವನು ಊಟಕ್ಕೆ ಹೋಗಿದ್ದ.